ಕೊನೆಯ ಪುಟದ ದೋಣಿ

ಕಾರ್ಟೂನ್ ಸಿನಿಮಾದಲ್ಲಿ ಒಂದು ಕರಡಿ ಕೈ ಎತ್ತಬೇಕೆಂದರೆ ಅದಕ್ಕೆ ಇಬ್ಬರು ಬೇಕು. ದೊಡ್ಡ ಕಲಾವಿದರು ಕೆಳಗಿರುವ ಕೈಯೊಂದನ್ನು, ಮೇಲೆದ್ದ ಕೈಯೊಂದನ್ನು ಬಿಡಿಸಿಟ್ಟು ಎದ್ದು ಹೋಗುತ್ತಾರೆ. ಆ ಕೈ ಕೆಳಗಿನಿಂದ ಮೇಲಕ್ಕೆ ಹೋಗುವ ದಾರಿಯಲ್ಲಿ ಎಲ್ಲೆಲ್ಲಿ ಇರುತ್ತದೆ ಎಂದು ಹಾಳೆಯ ಮೇಲೆ ಹಾಳೆ ಇಟ್ಟು ಬಿಡಿಸುವವರು ಇನ್ನೊಬ್ಬರು. ಚಪ್ಪಾಳೆ ಮೊದಲನೆಯವರಿಗೆ, ಕುತ್ತಿಗೆ ನೋವು ಎರಡನೆಯವರಿಗೆ. ನಡುವಕ್ಕ ಎರಡನೆಯವರ ಪೈಕಿ.

ನಡುವಿನ ಚಿತ್ರ ಬಿಡಿಸುವವಳು ಎಂದು ಸ್ಟುಡಿಯೋದವರು ತಮಾಷೆಗೆ ಇಟ್ಟ ಹೆಸರು ಅದು. ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಬಾಯಿ ಜೋರು, ಕೈ ಚುರುಕು. ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮುಂದೆ ಕೂತಳೆಂದರೆ ಊಟದ ಹೊತ್ತಿಗೂ ಕೂಗಿ ಎಬ್ಬಿಸಬೇಕು. ಕರಡಿಮರಿ ಅಳುವ ದೃಶ್ಯ ಬಂದರೆ ತಾನೇ ತಿಂಡಿ ಡಬ್ಬಿಯ ಮುಚ್ಚಳದಲ್ಲಿ ಮುಖ ನೋಡಿಕೊಂಡು ತುಟಿ ಸೊಟ್ಟ ಮಾಡುವಳು, ಮೂಗು ಅರಳಿಸುವಳು. ಪಕ್ಕದ ಮೇಜಿನವರು ಬಿದ್ದು ಬಿದ್ದು ನಗುತ್ತಿದ್ದರು. ನಗಲಿ ಬಿಡಿ, ಅವರು ಬಿಡಿಸಿದ ಕರಡಿ ಹಲ್ಲುನೋವಿನ ಮುದುಕನ ಹಾಗಿರುತ್ತಿತ್ತು. ಸ್ಟುಡಿಯೋಕ್ಕೆ ಬರುವ ಮೊದಲು ಶಾಲೆಯ ಪಾಠಪುಸ್ತಕಗಳಿಗೆ ಎಲೆ, ಬೇರು, ಕಪ್ಪೆಯ ಹೊಟ್ಟೆ ಎಲ್ಲ ಬಿಡಿಸಿಕೊಟ್ಟವಳು. ಮದುವೆಯ ಮಾತು ಬಂದಾಗಲೆಲ್ಲ, ತಮ್ಮನ ಓದು ಮುಗಿಯಲಿ ಎಂದಳು. ತಮ್ಮನ ಓದು ಮುಗಿಯುವ ಹೊತ್ತಿಗೆ ಆ ಮಾತು ಎತ್ತುವವರೇ ಉಳಿದಿರಲಿಲ್ಲ.

ಆ ತಮ್ಮನೇ ಈಗ ನಿರ್ದೇಶಕ. ಅವನು ಮಾಡಹೊರಟಿದ್ದ ಸಿನಿಮಾ ಆ ಕರಡಿಯದು. ಓದು ಬಲ್ಲ ಮನೆಗಳಲ್ಲಿ ಮೂರು ತಲೆಮಾರಿನ ಮಕ್ಕಳು ಕಣ್ಣೊರೆಸಿಕೊಂಡು ಮುಚ್ಚಿಟ್ಟ ಪುಸ್ತಕ ಅದು. ನದಿಯ ದಂಡೆಯಲ್ಲಿ ಒಬ್ಬಂಟಿ ಅಂಬಿಗಿತ್ತಿ. ಅವಳಿಗೆ ಪ್ರವಾಹದಲ್ಲಿ ತೇಲಿಬಂದ ಕರಡಿಮರಿಯೊಂದು ಸಿಗುತ್ತದೆ. ಹಾಲುಣಿಸಿ, ಬೈದು, ಪಕ್ಕದಲ್ಲಿ ಮಲಗಿಸಿಕೊಂಡು ಸಾಕುತ್ತಾಳೆ. ಮರಿ ದೊಡ್ಡದಾಗುತ್ತದೆ, ಮನೆ ಚಿಕ್ಕದಾಗುತ್ತದೆ. ಕೊನೆಯ ಪುಟದಲ್ಲಿ ಅದನ್ನು ದೋಣಿಯಲ್ಲಿ ಕೂರಿಸಿ, ಹಗ್ಗ ಬಿಚ್ಚಿ, ಕಾಡಿನ ಕಡೆ ಹೋಗುವ ಹರಿವಿಗೆ ಬಿಟ್ಟುಬಿಡುತ್ತಾಳೆ. ಕರಡಿ ಅವಳ ಕಡೆಗೇ ಮುಖ ಮಾಡಿ ಕೂತಿರುತ್ತದೆ. ದೋಣಿ ಚಿಕ್ಕದಾಗುತ್ತಾ ಹೋಗಿ ಕಾಣದಾಗುತ್ತದೆ. ಅಷ್ಟೇ. ವಾಪಸ್ ಬರುವುದಿಲ್ಲ.

ಅವರಮ್ಮ ತೀರಿಕೊಂಡಾಗ ಅವಳಿಗೆ ಹನ್ನೆರಡು, ತಮ್ಮನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಮನೆಗೆ ಬಂದುಹೋಗುವವರೆಲ್ಲ, ಅಮ್ಮ ಆಸ್ಪತ್ರೆಯಲ್ಲಿದ್ದಾಳೆ ಕಣೋ, ನಾಳೆ ಬರ್ತಾಳೆ ಎಂದು ಹುಡುಗನ ಕಿವಿಗೆ ಹೂವಿಟ್ಟು ಹೋಗುತ್ತಿದ್ದರು. ಅವನು ಅದನ್ನೇ ನಂಬಿ ಬಸ್ಸಿನ ಸದ್ದಾದರೆ ಸಾಕು, ಬಾಗಿಲಿಗೆ ಓಡುವನು. ಯಾರಿಗೂ ನಿಜ ಹೇಳುವ ಧೈರ್ಯವಿಲ್ಲ, ಅಪ್ಪನಿಗಂತೂ ಬಾಯೇ ಇರಲಿಲ್ಲ. ಕೊನೆಗೆ ಅಕ್ಕನೇ ಶಾಲೆಯಿಂದ ಆ ಪುಸ್ತಕ ತಂದು, ಅವನನ್ನು ಮಡಿಲಲ್ಲಿ ಕೂರಿಸಿಕೊಂಡು ಓದಿದಳು. ಕೊನೆಯ ಪುಟ ಓದಿ ಸುಮ್ಮನಾದಳು. ಅವನೂ ಸುಮ್ಮನಾದ. ಮತ್ತೆ ಬಾಗಿಲಿಗೆ ಓಡಲಿಲ್ಲ, ಅಮ್ಮ ಎಲ್ಲಿ ಎಂದು ಕೇಳಲಿಲ್ಲ. ತಾನು ಬದುಕಿನಲ್ಲಿ ಮಾಡಿದ ಒಂದೇ ಒಂದು ದೊಡ್ಡ ಕೆಲಸ ಅದು ಎಂದು ನಡುವಕ್ಕ ನಂಬಿದ್ದಳು. ಹೇಳಿಕೊಳ್ಳುತ್ತಿದ್ದಳು ಕೂಡ.

ಪುಸ್ತಕ ಬರೆದಾಕೆ ಇನ್ನೂ ಇದ್ದರು. ನಿವೃತ್ತ ಶಾಲಾ ಶಿಕ್ಷಕಿ. ಅವರ ಹತ್ತಿರ ಪಾಠ ಕಲಿತವರೂ ಕಲಿಯದವರೂ ಟೀಚರ್ ಎಂದೇ ಕರೆಯುವುದು. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತಿರುತ್ತಿದ್ದರು, ಬೆಳಕು ಕಣ್ಣಿಗೆ ಚುಚ್ಚುತ್ತದೆಂದು. ದೃಷ್ಟಿ ಆಗಲೇ ಮಂಜಾಗಿತ್ತು. ಅಕ್ಕ ತಮ್ಮ ಅನುಮತಿ ಕೇಳಲು ಹೋದಾಗ ಟೀಚರ್, ಹಿಂದೆ ಇದೇ ಪುಸ್ತಕ ಕೇಳಿಕೊಂಡು ಬಂದಿದ್ದ ಸಿನಿಮಾದವರ ಕಥೆಯನ್ನೆಲ್ಲ ಬಿಚ್ಚಿದರು. ಒಬ್ಬ ಕೊನೆಯಲ್ಲಿ ಕರಡಿ ಕುಣಿಯಲಿ ಎಂದನಂತೆ. ಇನ್ನೊಬ್ಬ, ಅದು ಕಾಡಿನಿಂದ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದರೆ ಹೇಗೆ ಎಂದನಂತೆ. ಎಲ್ಲರಿಗೂ ಬಾಗಿಲು ತೋರಿಸಿದ್ದರು.

ತಮ್ಮನೋ ಮಾತಿನಲ್ಲಿ ಮನೆ ಕಟ್ಟುವವನು. ಮಕ್ಕಳ ಮನಸ್ಸು, ಕಲೆ, ಪ್ರಾಮಾಣಿಕತೆ ಅಂತ ಒಂದು ಗಂಟೆ ಹರಿಸಿದ. ಟೀಚರ್ ಎಲ್ಲ ಕೇಳಿಸಿಕೊಂಡು, ಸದ್ದಿಲ್ಲದೆ ಕೂತಿದ್ದ ಅಕ್ಕನ ಕಡೆ ತಿರುಗಿದರು.

“ಕೊನೇ ಪುಟ ಏನ್ಮಾಡ್ತೀರಮ್ಮ?”

“ದೋಣಿ ಹೋಗುತ್ತೆ, ಟೀಚರ್. ಅದನ್ನ ನಾನೇ ಬಿಡಿಸ್ತೀನಿ. ಬೇರೆಯವರ ಕೈಗೆ ಕೊಡಲ್ಲ.”

ಟೀಚರ್ ಕೈ ಚಾಚಿದರು. ನಡುವಕ್ಕ ಆ ಕೈ ಹಿಡಿದಳು. ಒಪ್ಪಿಗೆ ಸಿಕ್ಕಿತು.

ಅಲ್ಲಿಂದ ಅವಳಿಗೆ ನೆಲದ ಮೇಲೆ ಕಾಲಿಲ್ಲ. ದೃಶ್ಯಗಳು ಅವಳ ಮೇಜಿಗೆ ಕಥೆಯ ಕ್ರಮದಲ್ಲಿ ಬರುತ್ತಿರಲಿಲ್ಲ. ಇವತ್ತು ಪ್ರವಾಹ, ನಾಳೆ ಹಾಲಿನ ಬಟ್ಟಲು, ಮತ್ತೊಂದು ದಿನ ಬರೀ ಬಾಲ. ಬಿಡಿಸಿ ಮುಗಿಸಿದ ಕಟ್ಟು ಪಕ್ಕದ ಕೋಣೆಗೆ ಹೋಗುತ್ತಿತ್ತು. ಅಲ್ಲಿ ಕಂಪ್ಯೂಟರಿನವರು ಅವನ್ನು ಸ್ಕ್ಯಾನ್ ಮಾಡಿ, ಬಣ್ಣ ತುಂಬಿ, ಸಾಲಾಗಿ ಜೋಡಿಸುತ್ತಿದ್ದರು. ಆಮೇಲೆ ಅದೇನಾಯಿತು ಎಂದು ನಡುವಿನವರು ಕೇಳುವ ಪದ್ಧತಿಯಿಲ್ಲ. ಕೊಟ್ಟ ತುಣುಕು ಚೆನ್ನಾಗಿರಬೇಕು, ಪೂರ್ತಿ ಸಿನಿಮಾ ನಿರ್ದೇಶಕನ ತಲೆಯಲ್ಲಿರುತ್ತದೆ.

ಕೊನೆಯ ದೃಶ್ಯವನ್ನು ಮಾತ್ರ ಅವಳು ಮೊದಲಿನಿಂದ ಕಡೆತನಕ ಒಬ್ಬಳೇ ಬಿಡಿಸಿದಳು. ದೊಡ್ಡ ಕಲಾವಿದರ ಚಿತ್ರಗಳನ್ನೂ ಬೇಡವೆಂದಳು. ತಮ್ಮ ಬಂದು ಅವಳ ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತು ಒಂದೇ ಒಂದು ವಿಷಯ ಕೇಳಿಕೊಂಡ: ನೀರು ಅಲುಗಾಡಬಾರದು. ದೋಣಿಯ ಹಿಂದೆ ಗೆರೆ ಬೇಡ, ಅಲೆ ಬೇಡ, ತೇಲುವ ಎಲೆಯೂ ಬೇಡ. ಕನ್ನಡಿಯ ಹಾಗೆ ನಿಂತ ನೀರಿನ ಮೇಲೆ ದೋಣಿ ಜಾರಿದರೆ ದುಃಖ ಇನ್ನೂ ಆಳವಾಗುತ್ತದೆ ಎಂದ. ಹರಿಯುವ ನದಿಯಲ್ಲಿ ಅದೆಂಥ ಕನ್ನಡಿ ಎಂದು ಅವಳು ಒಂದು ಗಳಿಗೆ ಹುಬ್ಬು ಗಂಟಿಕ್ಕಿದಳು. ಆಮೇಲೆ, ಅಬ್ಬಾ, ನಮ್ಮ ಹುಡುಗ ಎಷ್ಟು ಬೆಳೆದುಬಿಟ್ಟ ಎಂದು ಹಿಗ್ಗಿದಳು.

ತನ್ನದೂ ಒಂದು ಸೇರಿಸಿದಳು. ದೋಣಿ ದೂರವಾದ ಹಾಗೆ ಕರಡಿಯ ಎಡಗಿವಿ ನಿಧಾನವಾಗಿ ಬಾಗುತ್ತಾ ಬರುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ. ಬಾಗಿಲಿಗೆ ಓಡಿ, ಬಸ್ಸಿನಿಂದ ಯಾರೂ ಇಳಿಯದೆ ತಿರುಗಿ ಬರುತ್ತಿದ್ದ ಹುಡುಗನ ಭುಜ ಹಾಗೆ ಬಾಗುತ್ತಿದ್ದುದನ್ನು ಅವಳು ನೋಡಿದ್ದಳು. ಆ ಕಿವಿ ಬಿಡಿಸುವಾಗ ಡಬ್ಬಿಯ ಮುಚ್ಚಳ ಬೇಕಾಗಲಿಲ್ಲ. ಕಟ್ಟನ್ನು ಪಕ್ಕದ ಕೋಣೆಗೆ ಕೊಟ್ಟು ಬಂದವಳು ಮುಖ ತೊಳೆದುಕೊಂಡು ಸೀದಾ ಟೀಚರ ಮನೆಗೆ ಹೋಗಿ, ಎಲ್ಲವನ್ನೂ ಬಾಯಲ್ಲೇ ಬಿಡಿಸಿ ಹೇಳಿದಳು. ಅಷ್ಟರಲ್ಲಿ ಟೀಚರ ಕಣ್ಣು ಪೂರ್ತಿ ಹೋಗಿತ್ತು. ಕಿವಿಯ ಮಾತು ಕೇಳಿ, ಅದನ್ನ ನಾನು ಬರೀಬೇಕಿತ್ತು ಎಂದು ನಕ್ಕರು.

ಸಿನಿಮಾ ಮುಗಿದಾಗ ಒಮ್ಮೆ ತೋರಿಸೋ ಎಂದು ಅವಳು ಕೇಳಿದಳು. ಎಲ್ಲರ ಜೊತೆ ಥಿಯೇಟರಿನಲ್ಲೇ ನೋಡು, ಮಜಾ ಇರುತ್ತೆ ಎಂದು ತಮ್ಮ ತಳ್ಳಿಹಾಕಿದ. ಅದರಲ್ಲೂ ಅವಳಿಗೆ ಅನುಮಾನ ಬರಲಿಲ್ಲ. ಮಡಿಲಲ್ಲಿ ಬೆಳೆಸಿದವನ ಮೇಲೆ ಅನುಮಾನಪಡುವುದು ಅವಳಿಗೆ ಗೊತ್ತೇ ಇರಲಿಲ್ಲ.

ಮೊದಲ ಪ್ರದರ್ಶನ ಮಧ್ಯಾಹ್ನಕ್ಕೆ. ಥಿಯೇಟರಿನ ತುಂಬ ಮಕ್ಕಳು, ಅವರನ್ನು ಸುಮ್ಮನಿರಿಸುವ ಅಪ್ಪ ಅಮ್ಮಂದಿರು. ನಡುವಕ್ಕನ ಒಂದು ಪಕ್ಕ ಟೀಚರ್, ಇನ್ನೊಂದು ಪಕ್ಕ ತಮ್ಮ. ಟೀಚರ್ ಅವಳ ಕೈಯನ್ನು ಮಡಿಲಲ್ಲಿಟ್ಟುಕೊಂಡು, ನೀನು ಹೇಳ್ತಾ ಹೋಗು, ನಾನು ನೋಡ್ತಾ ಹೋಗ್ತೀನಿ ಎಂದರು. ಅವಳು ಪಿಸುಗುಟ್ಟುತ್ತಾ ಹೋದಳು: ಈಗ ಪ್ರವಾಹ, ಈಗ ಮರಿ ಬಟ್ಟಲು ಉರುಳಿಸಿತು, ಈಗ ಅಂಬಿಗಿತ್ತಿ ಪೊರಕೆ ತಗೊಂಡಳು. ಟೀಚರ್ ಮಕ್ಕಳಿಗಿಂತ ಒಂದು ಗಳಿಗೆ ತಡವಾಗಿ ನಗುತ್ತಿದ್ದರು. ಚೆನ್ನಾಗಿತ್ತು. ಸುಳ್ಳೇಕೆ ಹೇಳಬೇಕು, ತುಂಬಾ ಚೆನ್ನಾಗಿತ್ತು.

ಕೊನೆಗೆ ಅಂಬಿಗಿತ್ತಿ ಹಗ್ಗ ಬಿಚ್ಚಿದಳು. ಸಂಜೆಗೆಂಪು ಆಕಾಶ, ನಿಂತ ನೀರು. ದೋಣಿ ಜಾರಿತು, ಕಿವಿ ಬಾಗಿತು. ಪರದೆ ಕಪ್ಪಾಯಿತು, ಸಂಗೀತ ನಿಂತಿತು. ಎಲ್ಲೋ ಒಂದು ಮಗು ಬಿಕ್ಕಿತು.

“ಹೋಯ್ತಾ?” ಎಂದರು ಟೀಚರ್.

“ಹೋಯ್ತು ಟೀಚರ್.”

ಟೀಚರ್ ಅವಳ ಬೆರಳುಗಳನ್ನು ಗಟ್ಟಿಯಾಗಿ ಒತ್ತಿ, ಇನ್ನೊಂದು ಕೈಯಿಂದ ಕಣ್ಣೊರೆಸಿಕೊಂಡರು. ನಡುವಕ್ಕನ ಎದೆ ತುಂಬಿಬಂತು. ಕೊಟ್ಟ ಮಾತು ನಡೆದಿತ್ತು.

ಆಮೇಲೆ ಪರದೆಯ ಮೇಲೆ ಬೆಳಗಾಯಿತು.

ಅದೇ ನದಿ, ಈಗ ಹೊಂಬಣ್ಣದ ಆಕಾಶ. ದೂರದಲ್ಲಿ ಒಂದು ಚುಕ್ಕೆ. ಚುಕ್ಕೆ ದೋಣಿಯಾಯಿತು, ದೋಣಿ ದೊಡ್ಡದಾಗುತ್ತಾ ಬಂತು, ಅದರಲ್ಲಿ ದಂಡೆಯ ಕಡೆಗೆ ಮುಖ ಮಾಡಿ ಕೂತ ಕರಡಿ. ಬಾಗಿದ್ದ ಎಡಗಿವಿ ದೋಣಿ ಹತ್ತಿರವಾದ ಹಾಗೆ ನಿಧಾನವಾಗಿ ಮೇಲೆದ್ದಿತು. ಕಿವಿ ನೆಟ್ಟಗಾಗುತ್ತಲೇ ಮಕ್ಕಳೆಲ್ಲ ಸೀಟಿನ ಮೇಲೆ ಹತ್ತಿ ನಿಂತರು. ಸಂಗೀತ ಉಕ್ಕಿತು, ಚಪ್ಪಾಳೆಗೆ ಗೋಡೆ ನಡುಗಿತು.

ಅವಳ ಹಾಳೆಗಳು. ತಾನು ಎಳೆದ ಗೆರೆ ಅವಳಿಗೆ ಗೊತ್ತಾಗದಿರುತ್ತದೆಯೇ? ಒಂದನ್ನೂ ಹೊಸದಾಗಿ ಬಿಡಿಸಿರಲಿಲ್ಲ. ಕಡೆಯ ಹಾಳೆಯನ್ನು ಮೊದಲು ಮಾಡಿ ಹಿಂದುಮುಂದಾಗಿ ಓಡಿಸಿದ್ದರು, ಆಕಾಶಕ್ಕೆ ಬೇರೆ ಬಣ್ಣ ಬಳಿದಿದ್ದರು. ಅಲೆಯಿದ್ದಿದ್ದರೆ, ದೋಣಿಯ ಹಿಂದೆ ನೀರಿನ ಗೆರೆಯಿದ್ದಿದ್ದರೆ ಅದು ಉಲ್ಟಾ ಹರಿದು ಗುಟ್ಟು ರಟ್ಟಾಗುತ್ತಿತ್ತು. ಅದಕ್ಕೇ ನಿಂತ ನೀರು. ಅದಕ್ಕೇ ಕನ್ನಡಿ. ಸ್ಟೂಲ್ ಎಳೆದುಕೊಂಡು ಕೂತ ದಿನವೇ ಅವನು ಇದನ್ನೆಲ್ಲ ಯೋಚಿಸಿಟ್ಟಿದ್ದ. ಅವಳು ಕಣ್ಣೀರು ಹಾಕಿಕೊಂಡು ಬಿಡಿಸುವಾಗಲೂ ಅವನಿಗೆ ಗೊತ್ತಿತ್ತು. ನಂಬಿಸಿ ಕತ್ತು ಕೊಯ್ಯುವುದೆಂದರೆ ಇದೇ, ಮತ್ತೇನಲ್ಲ. ಅದೂ ಅವಳ ಕೈಯಿಂದಲೇ.

“ಇದೇನು ಗಲಾಟೆ?” ಟೀಚರ್ ಅವಳ ಕಡೆ ಬಾಗಿ ಕೇಳಿದರು. “ಮುಗೀತಲ್ವಾ?”

ಅವಳು ತಮ್ಮನನ್ನು ನೋಡಿದಳು. ಅವನು ಪರದೆಯನ್ನೇ ನೋಡುತ್ತಾ, ಚಪ್ಪಾಳೆಯ ಸದ್ದಿನಲ್ಲಿ ಅವಳಿಗೆ ಮಾತ್ರ ಕೇಳುವಂತೆ, ತುಟಿ ಅಲುಗಿಸದ ಹಾಗೆ ಪಿಸುಗುಟ್ಟಿದ.

“ಹೋಯ್ತು ಅಂತ ಹೇಳಾಯ್ತಲ್ಲ ಅಕ್ಕ. ಅಷ್ಟಕ್ಕೇ ಬಿಡು. ಅವರಿಗೆ ಕಾಣ್ಸಲ್ಲ.”

“ಯಾಕೋ ಹಿಂಗ್ ಮಾಡ್ದೆ? ಬೇರೆ ಯಾರೋ ಆಗಿದ್ರೆ ಸರಿ. ನಿಂಗೆ ಆ ಪುಸ್ತಕ ಏನು ಅಂತ ಗೊತ್ತಿಲ್ವಾ?”

ಅವನು ಈಗ ತಿರುಗಿದ. ಕಣ್ಣು ತುಂಬಿಕೊಂಡಿತ್ತು. ನಾಟಕವಲ್ಲ, ನಾಟಕ ಅವಳಿಗೆ ಗೊತ್ತಾಗುತ್ತಿತ್ತು.

“ಆ ಪುಸ್ತಕ ಓದಿ ಇವನಿಗೆ ಸಮಾಧಾನ ಆಯ್ತು ಅಂತ ನೀನು ಊರಿಗೆಲ್ಲ ಹೇಳ್ಕೊಂಡು ಬಂದೆ. ನಂಗೆ ಯಾವ ಸಮಾಧಾನಾನೂ ಆಗಿರಲಿಲ್ಲ. ಕೇಳಿದ್ರೆ ನೀನು ಅಳ್ತೀಯ ಅಂತ ಕೇಳೋದು ಬಿಟ್ಟೆ, ಅಷ್ಟೇ. ಆ ದೋಣಿ ವಾಪಸ್ ಬರಬೇಕು ಅಂತ ನಾನು ಅವತ್ತಿಂದ ಕಾಯ್ತಾ ಇದೀನಿ.”

ಸಿನಿಮಾ ಹೋದರೆ ಹೋಗಲಿ. ಇಷ್ಟು ವರ್ಷ ಇವನು ತನ್ನೆದುರು ಸಮಾಧಾನದ ಮುಖ ಹೊತ್ತು ತಿರುಗಿದ್ದನೇ? ತನ್ನ ಮಡಿಲಲ್ಲಿ ಕೂತು ಸುಮ್ಮನಾದ ಆ ಹುಡುಗನೂ ಸುಳ್ಳೇ? ಕನಿಕರಪಡಬೇಕೆಂದು ಅವಳಿಗೆ ಗೊತ್ತಿತ್ತು. ಬಂದದ್ದು ಮಾತ್ರ ಸಿಟ್ಟು.

ಟೀಚರ ಕೈ ಇನ್ನೂ ಅವಳ ಕೈ ಮೇಲಿತ್ತು. ಸುಮ್ಮನಿದ್ದರೆ ಅದು ಅಲ್ಲೇ ಇರುತ್ತಿತ್ತು. ಮುದುಕಿ ಸಂತೋಷದಿಂದ ಮನೆಗೆ ಹೋಗಿ ಮಲಗುತ್ತಿತ್ತು. ಆದರೆ ನಾಳೆ ಯಾವುದಾದರೂ ಮಗು ಆ ಮನೆಗೆ ಬಂದು, ಕರಡಿ ವಾಪಸ್ ಬಂತಲ್ಲ ಅಜ್ಜಿ ಎನ್ನುತ್ತದೆ. ಅದೂ ಬೇಡ, ಯಾರೂ ಬರುವುದೇ ಇಲ್ಲ ಎಂದಿಟ್ಟುಕೊಳ್ಳಿ. ಒಮ್ಮೆ ಸುಮ್ಮನಾದರೆ ತಾನೂ ತಮ್ಮನ ಜೊತೆ ಸೇರಿದ ಹಾಗೆ.

“ವಾಪಸ್ ಬಂತು, ಟೀಚರ್” ಎಂದಳು. “ಕತ್ತಲಾದ್ಮೇಲೆ ಬೆಳಗಾಯ್ತು, ದೋಣಿ ವಾಪಸ್ ಬಂತು. ಕರಡಿ ಮನೆಗೆ ಬಂತು.”

ದೀಪಗಳು ಹೊತ್ತಿಕೊಂಡವು. ಟೀಚರ ಮುಖ ಅಲುಗಲಿಲ್ಲ.

“ಯಾರು ಬಿಡಿಸಿದ್ದು ಅದನ್ನ?”

“ನಾನೇ. ನಾನು ಹೋಗೋದನ್ನ ಬಿಡಿಸಿದ್ದೆ. ಅದನ್ನೇ ತಿರುಗಿಸಿ ಓಡಿಸಿದಾರೆ. ನಂಗೆ ಗೊತ್ತಿರಲಿಲ್ಲ.”

“ಗೊತ್ತಿರಲಿಲ್ಲ ಅಂತ ನಂಬ್ತೀನಮ್ಮ” ಎಂದರು ಟೀಚರ್. ಹೇಳುತ್ತಲೇ ಅವಳ ಕೈ ಮೇಲಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಒರಟಾಗಿಯಲ್ಲ, ಮಲಗಿದ ಮಗುವಿನ ಕೆಳಗಿಂದ ಕೈ ಎಳೆದುಕೊಳ್ಳುವಷ್ಟು ಮೆತ್ತಗೆ. ಎದ್ದು ನಿಂತು, ಗಾಳಿಯಲ್ಲಿ ಕೈ ಚಾಚಿ, ತಮ್ಮನನ್ನು ಕರೆದರು. “ಎಲ್ಲಿದೀಯಪ್ಪ? ಬಾ, ಮೆಟ್ಟಿಲು ಇಳಿಸು.”

ನಡುವಕ್ಕ ಗಡಬಡಿಸಿ ಎದ್ದಳು. “ನಾನು ಕರ್ಕೊಂಡು ಹೋಗ್ತೀನಿ, ಟೀಚರ್.”

“ಬೇಡಮ್ಮ. ಇವನ ಮೇಲೆ ನಂಗೆ ಯಾವತ್ತೂ ನಂಬಿಕೆ ಇರಲಿಲ್ಲ. ಇವನ ಕೈ ಹಿಡ್ಕೊಂಡ್ರೆ ನಂಗೇನೂ ನೋವಾಗಲ್ಲ.”

ಅವನು ಅಕ್ಕನ ಮುಖ ನೋಡದೆ ಮುಂದೆ ಬಂದು ಟೀಚರ ತೋಳು ಹಿಡಿದ. ಒಂದೊಂದೇ ಮೆಟ್ಟಿಲು ಹೇಳುತ್ತಾ ಜೋಪಾನವಾಗಿ ಇಳಿಸಿದ. ಕಥೆ ಬರೆದಾಕೆ ಬಂದರೆಂದು ಜನ ದಾರಿ ಬಿಟ್ಟು ನಿಂತು ಮತ್ತೆ ಚಪ್ಪಾಳೆ ತಟ್ಟಿದರು. ನಡುವಕ್ಕ ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡು, ಅವರಿಬ್ಬರೂ ಬಾಗಿಲು ದಾಟುವ ತನಕ ನಿಂತಿದ್ದಳು.