ಹಲಸಿನ ಹಣ್ಣಿನ ಸರಕಾರಗಳು

ಸಮಾಜ ಪಾಠ ಮಾಡುವ ನಮ್ಮ ಮಾಷ್ಟ್ರ ಬಲಗೈಯ ಉಗುರುಗಳ ಅಂಚಿನಲ್ಲಿ ಹಲಸಿನ ಅಂಟುಹಾಲು, ನಮ್ಮ ಮಯಣ, ಕಪ್ಪಾಗಿ ಹಿಡಿದಿರುತ್ತಿತ್ತು. ಎಷ್ಟು ತೆಂಗಿನೆಣ್ಣೆ ತಿಕ್ಕಿದರೂ ಅದು ಪೂರ್ತಿ ಹೋಗುತ್ತಿರಲಿಲ್ಲ. ಆ ಕೈಯಲ್ಲಿ ಸೀಮೆಸುಣ್ಣ ಹಿಡಿದರೆ ಸುಣ್ಣವೂ ಅಂಟುತ್ತಿತ್ತು.

ಅಳದಂಗಡಿಯ ನಮ್ಮ ಶಾಲೆ ತೆರೆದ ಮೊದಲ ವಾರವೇ ಅವರು ಗೋಣಿಯಲ್ಲಿ ಒಂದು ಹಣ್ಣು ಹಾಕಿಕೊಂಡು ಬಸ್ಸಿಳಿಯುತ್ತಿದ್ದರು. ಅದನ್ನು ಮೇಜಿನ ಮೇಲಿಟ್ಟು, “ಒಂದು ಹಲಸಿನ ಹಣ್ಣು ಉಂಟು ಅಂತ ಎಣಿಸಿ” ಎಂದು ಪಾಠ ಶುರು ಮಾಡುತ್ತಿದ್ದರು. ಹಣ್ಣು ಕಣ್ಣೆದುರೇ ಇರುವಾಗ ಹಾಗೆ ಊಹಿಸಿಕೊಳ್ಳುವುದು ಯಾಕೆಂದು ನಾವು ಯಾರೂ ಕೇಳಲಿಲ್ಲ, ಗಮನವೆಲ್ಲ ಅವರ ಕೈಯ ಕತ್ತಿಯ ಮೇಲಿರುತ್ತಿತ್ತು.

“ರಾಜರ ಕಾಲದಲ್ಲಿ ಮರ ನಿನ್ನದು, ಸೊಳೆ ಅರಮನೆಗೆ. ನಿನಗೆ ಮಯಣ, ಮತ್ತೆ ರಾಜರು ತಿಂದರು ಅಂತ ಹೆಮ್ಮೆ. ಬಂಡವಾಳಶಾಹಿಯಲ್ಲಿ ನಿನ್ನ ಹಣ್ಣನ್ನು ನಿನ್ನಿಂದಲೇ ಕೊಂಡು ಹಪ್ಪಳ ಮಾಡಿ ನಿನಗೇ ಮಾರ್ತಾರೆ. ನೀನು ಪ್ಯಾಕೆಟ್ ನೋಡಿ ಭಾರೀ ಲಾಯಕ್ ಉಂಟು ಅಂತಿ. ಕಮ್ಯುನಿಸಂನಲ್ಲಿ ಎಲ್ಲರಿಗೂ ಸಮಪಾಲು. ಪಾಲು ಮಾಡುವವನ ಕೈಗೆ ಎಣ್ಣೆ ಹಚ್ಚಿರ್ತದಲ್ಲ, ಹಾಗೆ ನಾಲ್ಕು ಸೊಳೆ ಜಾರ್ತದೆ. ಜಾರಿ ಅವನ ಬಾಯಿಗೇ ಬೀಳ್ತದೆ.”

ಆಸ್ತಿ ಸೋದರಳಿಯನಿಗೆ ಹೋಗುವ ನಮ್ಮ ಅಳಿಯಸಂತಾನವನ್ನೂ ಅವರು ಬಿಟ್ಟವರಲ್ಲ. ಮರ ಹತ್ತುವುದು ಮಗ, ಹಣ್ಣು ತಿನ್ನುವುದು ಅಳಿಯ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಹಾಗಾದರೆ ಹೆಂಗಸರಿಗೆ ಎಂಥ ಉಂಟು ಮಾಷ್ಟ್ರೇ?” ಎಂದು ಕೇಳಿಬಿಟ್ಟಳು. ಅವರು ಕತ್ತಿ ಕೆಳಗಿಟ್ಟರು. “ಬೀಜ ಸುಲಿಯುವ ಕೆಲಸ. ಎಲ್ಲ ವ್ಯವಸ್ಥೆಯಲ್ಲಿಯೂ” ಎಂದರು. ಆ ದಿನ ಬೀಜಗಳನ್ನೆಲ್ಲ ಹುಡುಗರ ಕೈಯಲ್ಲೇ ಸುಲಿಸಿದರು.

ಪ್ರಜಾಪ್ರಭುತ್ವ ಯಾವಾಗಲೂ ಕೊನೆಗೆ. “ಹಣ್ಣು ಮೆತ್ತಗಿನ ತುಳುವೆಯೋ ಗಟ್ಟಿ ಸೊಳೆಯ ಬಕ್ಕೆಯೋ ಅಂತ ಓಟು ಹಾಕ್ತೇವೆ. ಎಣಿಕೆ ಮುಗಿಯುವಾಗ ಅದು ಕೊಳೆತಿರ್ತದೆ. ಆದರೆ ಕೊಳೆತಿದೆ ಅಂತ ಗಟ್ಟಿಯಾಗಿ ಹೇಳಲಿಕ್ಕೆ ಬಿಡುವುದು ಇದೊಂದೇ ಮಾರಾಯ.”

ಈ ಹಣ್ಣಿನ ದೆಸೆಯಿಂದಲೇ ನಾನು ರಾಜ್ಯಶಾಸ್ತ್ರ ಓದಿ ಮೂಡುಬಿದಿರೆಯಲ್ಲಿ ಉಪನ್ಯಾಸಕನಾದೆ. ನಿವೃತ್ತರಾದ ಮಾಷ್ಟ್ರು ಅಲ್ಲೇ ಹತ್ತಿರದ ತೋಡಾರಿನಲ್ಲಿ ಮನೆ ಮಾಡಿದ್ದರು. ಶನಿವಾರ ಕಾಲೇಜು ಬಿಟ್ಟ ಮೇಲೆ ಅವರ ಜಗಲಿಯಲ್ಲಿ ಕೂತು ಎದ್ದರೆ ಮುಂದಿನ ವಾರದ ಪಾಠಕ್ಕೆ ಸಾಮಾನು ಸಿಗುತ್ತಿತ್ತು. ಮಕ್ಕಳು ನನ್ನನ್ನು ತಮಾಷೆಯ ಸರ್ ಎನ್ನುತ್ತಿದ್ದರು. ತಮಾಷೆ ಯಾರದ್ದೆಂದು ನಾನು ಹೇಳುತ್ತಿದ್ದುದು ಅಪರೂಪ.

ನಾವು ಮಾತಾಡುತ್ತಿದ್ದುದು ತುಳುವಿನಲ್ಲಿ. ಮಳೆ, ಬಸ್ಸು, ಮೊಣಕಾಲು ನೋವು, ಎಲ್ಲವೂ ತುಳುವೇ. ಪಾಠದ ವಿಷಯ ಬಂದರೆ ಮಾತ್ರ ಮಾಷ್ಟ್ರು ಬೆನ್ನು ನೆಟ್ಟಗೆ ಮಾಡಿ ಕನ್ನಡಕ್ಕೆ ಹೊರಳುತ್ತಿದ್ದರು. ಅವರು ಕನ್ನಡ ಶುರು ಮಾಡಿದರೆ ನಗಲು ತಯಾರಾಗುವುದು ನನಗೆ ರೂಢಿಯಾಗಿತ್ತು.

ಒಂದು ವರ್ಷ, ಮರದಲ್ಲಿ ಹಲಸು ಇನ್ನೂ ಎಳೆಯ ಗುಜ್ಜೆಯಾಗಿದ್ದ ಸಮಯ. ಚಾ ಮುಟ್ಟದೆ ಕೂತಿದ್ದ ಮಾಷ್ಟ್ರು ಇದ್ದಕ್ಕಿದ್ದಂತೆ ಬೆನ್ನು ನೆಟ್ಟಗೆ ಮಾಡಿದರು.

“ನನ್ನ ಹೊಟ್ಟೆಯಲ್ಲಿ ಸರಕಾರ ಬದಲಾಗಿದೆ ಮಾರಾಯ. ಮೊದಲು ಪ್ರಜಾಪ್ರಭುತ್ವ ಇತ್ತು. ಎಂಥ ಕಳಿಸಿದರೂ ಸ್ವಲ್ಪ ಗಲಾಟೆ ಮಾಡಿ ಒಪ್ಪಿಕೊಳ್ತಿತ್ತು. ಈಗ ಮಿಲಿಟರಿ ಆಡಳಿತ. ಗಂಜಿಯನ್ನೂ ಗಡಿಯಿಂದ ವಾಪಸ್ ಕಳಿಸ್ತದೆ.”

ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. “ಇದು ನನ್ನ ಕ್ಲಾಸಿಗೆ ಬೇಕು ಮಾಷ್ಟ್ರೇ” ಎಂದೆ.

“ತೆಗೆದುಕೋ” ಎಂದರು. ಆಮೇಲೆ ಅಂಗಳದ ಕಡೆ ನೋಡುತ್ತ ಕೂತರು. ಅವರ ಚಾದ ಮೇಲೆ ಕೆನೆ ಕಟ್ಟಿತ್ತು. ಅದನ್ನು ನಾನು ನೋಡಿದ್ದೆ. ನೋಡಿಯೂ ಎದ್ದು ಬಂದೆ. ಸೋಮವಾರ ಮಿಲಿಟರಿ ಆಡಳಿತಕ್ಕೆ ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು.

ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ಗೊತ್ತಾಗುವಾಗ ಹಲಸು ಹಣ್ಣಾಗಿತ್ತು. ಸ್ವಲ್ಪ ಮೊದಲೇ ಕರೆದುಕೊಂಡು ಬರಬೇಕಿತ್ತು ಎಂದರಂತೆ ಡಾಕ್ಟರು. ಮಳೆ ಹಿಡಿಯುವ ಮೊದಲೇ ಮಾಷ್ಟ್ರು ಹೋದರು.

ಉತ್ತರಕ್ರಿಯೆಯ ಬೊಜ್ಜದ ದಿನ ನನ್ನ ವಿದ್ಯಾರ್ಥಿನಿಯೊಬ್ಬಳು, ಅವರ ನೆರೆಮನೆಯವಳೇ, ಮಾಷ್ಟ್ರ ಹೆಂಡತಿಯನ್ನು ಸಮಾಧಾನ ಮಾಡುತ್ತಿದ್ದಳು. ಅಜ್ಜನ ತಮಾಷೆಗಳನ್ನು ಸರ್ ಕ್ಲಾಸಿನಲ್ಲಿ ಹೇಳುತ್ತಿದ್ದರು ಎನ್ನುತ್ತ ಹೊಟ್ಟೆಯ ಸರಕಾರದ್ದನ್ನೂ ಹೇಳಿಬಿಟ್ಟಳು. ಆ ಅಮ್ಮ ನನ್ನ ಕಡೆ ತಿರುಗಿದರು.

“ಇದನ್ನು ಅವರು ನಿನಗೆ ಯಾವಾಗ ಹೇಳಿದ್ದು?”

“ಗುಜ್ಜೆಯ ಸಮಯದಲ್ಲಿ ಅಮ್ಮ.”

“ಗುಜ್ಜೆಯ ಸಮಯದಲ್ಲಾ?” ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ನನಗೆ ಹಣ್ಣು ಬೀಳುವಾಗ ಹೇಳಿದ್ದು. ಬಂಜಿ ಬೇನೆ ಉಂಡು ಅಂತ ತುಳುವಿನಲ್ಲೇ ಹೇಳಿದರು. ಹೊಟ್ಟೆನೋವು ಉಂಟು ಅಂದರೆ ಉಂಟು, ನಾನು ಮರುದಿನವೇ ಆಸ್ಪತ್ರೆಗೆ ಹೊರಡಿಸಿದೆ.”

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ತೀರಿಹೋದವರಿಗೆ ಒಳಕೋಣೆಯಲ್ಲಿ ಎಲೆ ಹಾಕಿ, ಇಷ್ಟದ್ದನ್ನೆಲ್ಲ ಬಡಿಸಿ, ಅವರು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಾಯುವುದು ನಮ್ಮ ಕಡೆಯ ಕ್ರಮ. ಆ ವರ್ಷದ ಕೊನೆಯ ಹಣ್ಣನ್ನು ಅಮ್ಮ ನನ್ನ ಮುಂದಿಟ್ಟರು. “ನೀನು ಬಡಿಸು. ಅವರಿಗೆ ನೀನೆಂದರೆ ಆಗ್ತಿತ್ತು” ಎಂದರು.

ಕೈಗೆ ಎಣ್ಣೆ ಹಚ್ಚಿಕೊಂಡು ಹಣ್ಣು ಬಿಡಿಸಿದೆ. ಒಂದು ಸೊಳೆಯೂ ಜಾರಲಿಲ್ಲ. ಎಲ್ಲವನ್ನೂ ಎಲೆಯ ಮೇಲಿಟ್ಟೆ. ಬೇರೆಯವರು ಹೊರಗೆ ಹೋದರು. ಬಾಗಿಲು ಎಳೆಯುವ ಮೊದಲು, ಆ ಶನಿವಾರ ಜಗಲಿಯಲ್ಲಿ ಕೇಳಬೇಕಿದ್ದ ಮಾತನ್ನು ಎಲೆಯ ಕಡೆ ಬಗ್ಗಿ ತುಳುವಿನಲ್ಲೇ ಕೇಳಿದೆ.

“ಬಂಜಿ ಬೇನೆ ಉಂಡಾ, ಮಾಷ್ಟ್ರೇ?”