ಮೇಜುಬಟ್ಟೆ ಕೊಡವಿ ನೋಡಿದ ಇರ್ಮಾ

ಪರಾನಾ ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ರೊಸಾರಿಯೊ ನಗರದ ರೆಫಿನೇರಿಯಾ ಬಡಾವಣೆಯಲ್ಲಿ, ಬೇಕರಿಯ ಮಹಡಿಯ ಮೇಲಿರುವ ಆನಿಮೇಷನ್ ಕಾರ್ಯಾಗಾರದ ಬಾಗಿಲನ್ನು ಎಲ್ಲರಿಗಿಂತ ಮೊದಲು ತೆರೆಯುವವರು ಇರ್ಮಾ ಸ್ಕಾಲ್ಸೊ. ಮಾಟೆ ಎಂಬ ಕಹಿ ಚಹಾಕ್ಕೆ ನೀರು ಕಾಯಲಿಟ್ಟು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಟ್ಯಾಬ್ಲೆಟ್ಟಿನ ಪರದೆಯ ಮೇಲೆ ಪೆನ್ನು ಊರುತ್ತಾರೆ. ಬಲಗೈ ಗೆರೆ ಎಳೆಯುತ್ತದೆ. ಎಡಗೈಯ ಬೆರಳುಗಳು ಪಕ್ಕದಲ್ಲಿರುವ ನಾಲ್ಕು ಗುಂಡಿಗಳ ಮೇಲೆ ತಮ್ಮ ಪಾಡಿಗೆ ಆಡುತ್ತಿರುತ್ತವೆ. ಪರದೆಯೊಳಗೆ ಒಬ್ಬ ಅಜ್ಜಿ ಕಿಟಕಿಯಿಂದ ಮೇಜುಬಟ್ಟೆ ಕೊಡವುತ್ತಿದ್ದಾಳೆ.

ಇರ್ಮಾ ಬರೆಯುವುದು ನಡುವಿನ ಚಿತ್ರಗಳನ್ನು. ಅಜ್ಜಿ ಕೈ ಎತ್ತಿದ್ದು ಒಂದು ಚಿತ್ರ, ಇಳಿಸಿದ್ದು ಇನ್ನೊಂದು. ಈ ಮುಖ್ಯ ಭಂಗಿಗಳನ್ನು ಕಾರ್ಯಾಗಾರ ನಡೆಸುವ ಲೌತಾರೊ ಬರೆಯುತ್ತಾನೆ. ಎರಡರ ನಡುವೆ ಕೈ ಹೇಗೆ ಇಳಿಯಿತು, ಬಟ್ಟೆ ಹೇಗೆ ಉಬ್ಬಿತು ಎಂಬುದೆಲ್ಲ ಇರ್ಮಾ ಪಾಲಿಗೆ. ತೆರೆಯ ಮೇಲೆ ಒಂದು ಸೆಕೆಂಡು ಓಡಬೇಕೆಂದರೆ ಹನ್ನೆರಡು ಚಿತ್ರ ಬೇಕು. ಅದರಲ್ಲಿ ಒಂಬತ್ತೋ ಹತ್ತೋ ಇವರವು. ಇಪ್ಪತ್ತರ ಹರೆಯದಲ್ಲಿ ಒಂದು ಜಾಹೀರಾತು ಸ್ಟುಡಿಯೊದಲ್ಲಿ ಈ ಕೆಲಸ ಹಿಡಿದವರು, ಅರವತ್ತೊಂದರ ಈ ವಯಸ್ಸಿಗೂ ಬಿಟ್ಟಿಲ್ಲ. ನಡುವೆ ಸ್ಟುಡಿಯೊಗಳು ಮುಚ್ಚಿದವು, ದೇಶದ ದುಡ್ಡಿನ ಬೆಲೆ ಎಷ್ಟೋ ಸಲ ನೆಲಕಚ್ಚಿತು, ಗಂಡ ತೀರಿಕೊಂಡರು. ಎರಡು ವರ್ಷ ಮದುವೆಯ ಕೇಕಿನ ಮೇಲೆ ಹೂವು ಬರೆದದ್ದೂ ಉಂಟು. "ಆ ಹೂವು ಅಲ್ಲಾಡ್ತಿರಲಿಲ್ಲ. ಬೇಜಾರಾಗ್ತಿತ್ತು," ಎನ್ನುತ್ತಾರೆ.

ಕಳೆದ ಬೇಸಿಗೆಯವರೆಗೆ ಎಲ್ಲವೂ ಕಾಗದದ ಮೇಲೇ ನಡೆಯುತ್ತಿತ್ತು. ಕೆಳಗಿನಿಂದ ಬೆಳಕು ಬರುವ ಮೇಜು, ಅದರ ಮೇಲೆ ಕದಲದಂತೆ ಗೂಟಕ್ಕೆ ಸಿಕ್ಕಿಸುವ ಮೂರು ತೂತಿನ ಹಾಳೆ. ಕಾಗದದ ಕೆಲಸಗಾರರಿಗೆ ಒಂದು ಅಭ್ಯಾಸವಿದೆ: ನಾಲ್ಕು ಹಾಳೆಗಳನ್ನು ಎಡಗೈ ಬೆರಳುಗಳ ಸಂದಿಗೆ ಸಿಕ್ಕಿಸಿಕೊಂಡು ಒಂದಾದ ಮೇಲೊಂದು ಮಗುಚುತ್ತಾರೆ, ಚಿತ್ರ ಅಲ್ಲೇ ಅಂಗೈಯಲ್ಲಿ ಕುಣಿದು ತೋರಿಸುತ್ತದೆ. ಕುಣಿತ ತಪ್ಪಿದರೆ ರಬ್ಬರ್ ಹಿಡಿಯುತ್ತಾರೆ. ಆ ಹಾಳೆ ಕತ್ತರಿಸಿ ಕೊಡುತ್ತಿದ್ದ ಮುದ್ರಣಾಲಯ ಮುಚ್ಚಿಹೋಯಿತು. ಲೌತಾರೊ ಟ್ಯಾಬ್ಲೆಟ್ಟು ತಂದ. ಯಾವ ಸಾಫ್ಟ್‌ವೇರ್ ಹಾಕುವುದೆಂಬ ಪ್ರಶ್ನೆ ಬಂದಾಗ ಇರ್ಮಾ ಕಡೆ ತಿರುಗಿದ.

"ನೀನೇ ಆರಿಸು ಇರ್ಮಿತಾ. ಎಲ್ಲರಿಗಿಂತ ಜಾಸ್ತಿ ಬರೆಯೋಳು ನೀನು. ನಿನ್ನ ಕೈಗೆ ಒಗ್ಗಿದ್ದು ನಮಗೂ ಆಗತ್ತೆ."

ಒಳ್ಳೆಯ ಮಾತೇ. ಆದರೆ ಅವನು ತಂದ ಮೂರು ಸಾಫ್ಟ್‌ವೇರ್‌ಗಳಲ್ಲಿ ಮೊದಲನೆಯದು, ಊರೆಲ್ಲ ಹೊಗಳುತ್ತಿದ್ದದ್ದು, ನಡುವಿನ ಚಿತ್ರಗಳನ್ನು ತಾನೇ ಬರೆಯುತ್ತಿತ್ತು. ಅದು ಗೆದ್ದರೆ ಇರ್ಮಾ ಕುರ್ಚಿ ಖಾಲಿ. "ಅದು ಸೋತ್ರೆ ಸಾಕು ಅನ್ನಿಸ್ತು," ಎಂದು ಒಪ್ಪಿಕೊಳ್ಳುತ್ತಾರೆ. "ಆದ್ರೂ ಮೋಸ ಮಾಡ್ಬಾರ್ದು ಅಂದ್ಕೊಂಡೆ. ಮೂರಕ್ಕೂ ಒಂದೇ ಪರೀಕ್ಷೆ ಕೊಟ್ಟೆ."

ಆ ಪರೀಕ್ಷೆಯೇ ಈ ಮೇಜುಬಟ್ಟೆ. ಊಟ ಮುಗಿಸಿ ಬ್ರೆಡ್ಡಿನ ಪುಡಿ ಕೊಡವುವ ಅಜ್ಜಿ. ಬಟ್ಟೆಯ ಭಾರ, ಗಾಳಿ, ಪುಡಿ ಉದುರುವುದು ಎಲ್ಲವೂ ಅದರಲ್ಲಿ ಬಂತು.

ಮೊದಲನೆಯದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕೆಲಸ ಮುಗಿಸಿತು. ಕೈ ಇಳಿಯಿತು, ಕೈಯ ಜೊತೆಗೇ ಬಟ್ಟೆಯೂ ತಗಡಿನ ಹಾಗೆ ನೆಟ್ಟಗೆ ಇಳಿಯಿತು. "ಅಂಚು ಹಿಂದೆ ಉಳೀಬೇಕು. ಕರೆದ್ಮೇಲೆ ಬರೋ ಬೆಕ್ಕಿನ ಥರ, ತನಗೆ ತೋಚಿದಾಗ ಬರ್ಬೇಕು," ಎನ್ನುವುದು ಇರ್ಮಾ ತೀರ್ಪು. ಹಾಗೆಂದು ಅದನ್ನು ಪೂರ್ತಿ ತಳ್ಳಿಹಾಕಲಿಲ್ಲ. ಆಮೇಲೆ ಕೊಟ್ಟು ನೋಡಿದ, ನದಿಯಲ್ಲಿ ತೇಲುವ ದೋಣಿಯನ್ನು ಅದು ಚೆನ್ನಾಗಿಯೇ ಸಾಗಿಸಿತ್ತು.

ಎರಡನೆಯದರಲ್ಲಿ ಸಂತೆಗಾಗುವಷ್ಟು ಕುಂಚಗಳು. ಅದಕ್ಕಿಂತ ಇರ್ಮಾ ಮನಸೋತದ್ದು ಚಿತ್ರ ಹಿಗ್ಗಿಸುವುದಕ್ಕೆ. ಕಾಗದ ಎಲ್ಲಾದರೂ ಹಿಗ್ಗುತ್ತದೆಯೇ? ಇಲ್ಲಿ ಎರಡು ಬೆರಳು ಅಗಲಿಸಿದರೆ ಅಜ್ಜಿಯ ಕಣ್ಣೇ ಊಟದ ತಟ್ಟೆಯಷ್ಟು. ಮಂಜಾಗುತ್ತಿದ್ದ ತಮ್ಮ ಕಣ್ಣಿಗೆ ಹಬ್ಬವಾಗಿ, ಪ್ರತಿ ಚಿತ್ರದಲ್ಲೂ ಒಂದೊಂದೇ ರೆಪ್ಪೆಗೂದಲು ಬಿಡಿಸಿದರು. ಓಡಿಸಿ ನೋಡಿದರೆ ಕೂದಲೆಲ್ಲ ಗಿಜಿಗಿಜಿ. ಒಂದೊಂದೇ ಚಿತ್ರ ಹಿಗ್ಗಿಸಿಕೊಂಡು ಬರೆಯುವಾಗ ಗಮನಕ್ಕೆ ಬಾರದ, ಚಿತ್ರದಿಂದ ಚಿತ್ರಕ್ಕೆ ಕೂದಲೆಳೆಯಷ್ಟು ವ್ಯತ್ಯಾಸ ಓಡಿಸಿದಾಗ ನಡುಕವಾಗಿತ್ತು. ಜೀವಮಾನವೆಲ್ಲ ಕಾಗದದ ಮೇಲೆ ಬರೆದವರು ಮಾತ್ರ ಮಾಡುವ ತಪ್ಪು ಇದು. ಬಣ್ಣ ತುಂಬುವ ಗ್ರಾಸಿಯೆಲಾ, ಇಪ್ಪತ್ತು ವರ್ಷಗಳಿಂದ ಗೆಳತಿ, ಬಿಟ್ಟಾಳೆಯೇ?

"ಏನೇ ಇದು, ನಿನ್ನ ಅಜ್ಜಿ ಕಣ್ಣಿಗೆ ಇರುವೆ ಮುತ್ತಿದ್ಯಲ್ಲೇ."

ಇರ್ಮಾ ನಕ್ಕರು, ಮನೆಗೆ ಹೋಗಿ ಸ್ವಲ್ಪ ಅತ್ತರು ಕೂಡ. ತಪ್ಪು ತಿದ್ದಬಹುದು, ತಿದ್ದಿಯೂ ಆಯಿತು. ಅವರನ್ನು ಕಾಡಿದ್ದು ಎಡಗೈ. ಬರೆಯುವಾಗ ಅದು ಇಲ್ಲದ ಹಾಳೆಯನ್ನು ಮಗುಚಲು ಗಾಳಿಯಲ್ಲಿ ತಡಕಾಡುತ್ತಿತ್ತು. ಹಿಂದಿನ ಚಿತ್ರ ನೋಡಬೇಕೆಂದರೆ ಪೆನ್ನೆತ್ತಿ ಸಾಸಿವೆಯಷ್ಟು ಬಾಣದ ಗುರುತನ್ನು ಚುಚ್ಚಬೇಕು. ಅಷ್ಟರಲ್ಲಿ ಕಣ್ಣೊಳಗಿನ ಕುಣಿತ ಆರಿಹೋಗುತ್ತಿತ್ತು. ಬೇರೆ ದಾರಿ ಇತ್ತೇನೋ, ಇವರಿಗೆ ಸಿಗಲಿಲ್ಲ.

ಮೂರನೆಯದು ದುಡ್ಡು ಕೇಳದ, ಬೂದು ಬಣ್ಣದ, ಸರ್ಕಾರಿ ಕಚೇರಿಯಂಥ ಸಾಫ್ಟ್‌ವೇರ್. ಅದನ್ನು ಕಂಡು ಇರ್ಮಾ ಮೂಗು ಮುರಿದರಂತೆ. ಆದರೆ ಗಾಳಿಯಲ್ಲಿ ಆಡುವ ಆ ಬೆರಳುಗಳನ್ನು ಲೌತಾರೊ ಗಮನಿಸಿದ್ದ. ಈ ಬೂದು ಸಾಫ್ಟ್‌ವೇರ್‌ನೊಳಗೆ ಗುಂಡಿಗಳನ್ನು ಬೇಕಾದಂತೆ ಹೊಂದಿಸಬಹುದೆಂದು ಕಂಡುಕೊಂಡು, ನಾಲ್ಕು ಗುಂಡಿಯ ಪುಟ್ಟ ಹಲಗೆಯೊಂದನ್ನು ಅವರ ಎಡಗೈ ಕೆಳಗೆ ತಳ್ಳಿದ. ಒಂದು ಬೆರಳಿಗೆ ಒಂದು ಚಿತ್ರ. ಒತ್ತಿದಂತೆಲ್ಲ ಬಟ್ಟೆ ಮೇಲೆದ್ದು ಕೆಳಗಿಳಿಯಿತು. ಇರ್ಮಾ ಒತ್ತುತ್ತಲೇ ಇದ್ದರು. ಅಂದು ಮಾಟೆ ಆರಿ ತಣ್ಣಗಾಗಿತ್ತು ಎಂದು ಗ್ರಾಸಿಯೆಲಾ ನೆನೆಯುತ್ತಾಳೆ.

ಶುಕ್ರವಾರ ಮಧ್ಯಾಹ್ನ ಮೂರೂ ಮೇಜುಬಟ್ಟೆಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಓಡಿಸಿದರು. ಯಾವುದು ಯಾವುದರದ್ದೆಂದು ಲೌತಾರೊ ಹೇಳಲಿಲ್ಲ. ಮೊದಲನೆಯದನ್ನು ನೋಡಿ ಎಲ್ಲರೂ ಚೆನ್ನಾಗಿದೆ ಎಂದರು, ಎರಡನೆಯದಕ್ಕೂ ಅದೇ ಮಾತು. ಮೂರನೆಯದರಲ್ಲಿ ಅಜ್ಜಿ ಬಟ್ಟೆ ಕೊಡವಿದಳು, ಅಂಚು ತಡವಾಗಿ ಬಂದು ಪಟ್ಟನೆ ಬಡಿಯಿತು, ಪುಡಿ ಉದುರಿತು. ಮುಂದಿನ ಕುರ್ಚಿಯಲ್ಲಿದ್ದ ಗ್ರಾಸಿಯೆಲಾ, ಆ ಪುಡಿ ತನ್ನ ಮೇಲೇ ಬಿದ್ದಂತೆ, ತನ್ನ ಮಡಿಲು ಕೊಡವಿಕೊಂಡಳು.

ಅದನ್ನು ಕಂಡು ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಗ್ರಾಸಿಯೆಲಾ. ಬೂದು ಬಣ್ಣದ ಸಾಫ್ಟ್‌ವೇರ್ ಆರಿಸಿದ್ದು ಹಾಗೆ.

ಈಗ ಮೊದಲನೆಯ ಸಾಫ್ಟ್‌ವೇರ್‌ಗೆ ದೋಣಿಗಳನ್ನು ಬಿಟ್ಟುಕೊಟ್ಟಿದ್ದಾರೆ. "ಬಳುಕದ ಮರದ ಹಲಗೆ ಸಾಗಿಸೋಕೆ ನಾನ್ಯಾಕೆ?" ಎನ್ನುತ್ತಾರೆ. ಬಟ್ಟೆ, ಕೂದಲು, ಬೆಕ್ಕು, ಅಜ್ಜಿಯರು ಇರ್ಮಾ ಪಾಲಿಗೇ ಉಳಿದಿದ್ದಾರೆ. ಚಳಿಗಾಲ ಮುಗಿಯುವಷ್ಟರಲ್ಲಿ ಬಡಾವಣೆಯ ಗ್ರಂಥಾಲಯಕ್ಕೆ ಒಂದು ಕಿರುಚಿತ್ರ ಕೊಡಬೇಕು, ಕೆಲಸ ಭರದಿಂದ ಸಾಗಿದೆ. ಹಳೆಯ ಬೆಳಕಿನ ಮೇಜಿನ ಮೇಲೆ ಕೆಳಗಿನ ಬೇಕರಿಯ ಮೆದಿಯಾಲುನಾ ಬನ್ನುಗಳ ತಟ್ಟೆ ಕೂತಿದೆ. ದೀಪ ಹಾಕಿಟ್ಟರೆ ಬೆಚ್ಚಗಿರುತ್ತವಂತೆ.

ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಹೊಸ ಕನ್ನಡಕ ಬೇಕು ಎನ್ನುತ್ತಾರೆ. ಪೆನ್ನು ಎತ್ತಿಕೊಂಡವರು ಮತ್ತೆ ಕೆಳಗಿಡುತ್ತಾರೆ.

"ನಾನು ಬರ್ದಿದ್ದು ಅಂತ ಯಾರಿಗೂ ಗೊತ್ತಾಗೋದು ಬೇಡ. ಗ್ರಂಥಾಲಯದಲ್ಲಿ ನೋಡೋರಲ್ಲಿ ಯಾರಾದ್ರೂ ಒಬ್ರು ಮಡಿಲು ಕೊಡವ್ಕೊಂಡ್ರೆ ಸಾಕು."