ಎಡಕ್ಕೆ ಮುಚ್ಚುವ ವಾಲ್ವ್

ಬೆಳಗಿನ ಐದೂವರೆ. ಎರಡು ಸೈಕಲ್ ಎದುರಾದರೆ ಒಂದು ಹಿಂದೆ ಸರಿಯಲೇಬೇಕಾದ ಓಣಿ. ನೀರುಗಂಟಿ ಮಂಡಿಯೂರಿ ಕೂತಿದ್ದಾರೆ. ಕಬ್ಬಿಣದ ಸರಳಿನ ಒಂದು ತುದಿ ಗುಂಡಿಯೊಳಗಿನ ಪೈಪಿನ ಮೇಲೆ, ಇನ್ನೊಂದು ತುದಿ ಅವರ ಕಿವಿಗೆ.

"ಬರೀ ಗಾಳಿ," ಎನ್ನುತ್ತಾರೆ. "ಮೇಲಿನವರದ್ದು ಇನ್ನೂ ತುಂಬಿಲ್ಲ."

"ನಿಮ್ಮ ಷಡ್ಡಕನಿಗೆ ಒಂದು ಫೋನ್ ಮಾಡ್ಬಾರ್ದಾ?" ಕೊಡ ಹಿಡಿದ ಹೆಂಗಸೊಬ್ಬರು ಕೆಣಕುತ್ತಾರೆ.

"ಮಾಡಿದ್ರೆ ನಗ್ತಾನೆ, ಅಷ್ಟೇ," ಎಂದು ಸಾಲಿನಲ್ಲಿ ಮೂರನೆಯವರಾಗಿ ನಿಂತಿರುವ ಅವರ ಹೆಂಡತಿಯೇ ಉತ್ತರಿಸುತ್ತಾರೆ.

ಮೇಲೆ ಎಂದರೆ ಗುಡ್ಡ. ಹಡಗಿನಲ್ಲಿ ಬಂದು ಆಳಿದವರು ತಮಗಾಗಿ ಕಟ್ಟಿಕೊಂಡ ಬಡಾವಣೆ. ನಾಲ್ಕು ಕುದುರೆ ಅಕ್ಕಪಕ್ಕ ಓಡುವಂಥ ನೇರ ರಸ್ತೆ, ಎರಡೂ ಬದಿ ಮರ, ಮನೆಗೊಂದು ತೋಟ. ಗುಡ್ಡಕ್ಕೂ ಪೇಟೆಗೂ ನಡುವೆ ಒಂದು ಗಿಡವೂ ಇಲ್ಲದ ಬಯಲು. ಪೇಟೆಯಿಂದ ಯಾರು ಹತ್ತಿ ಬಂದರೂ ಫಿರಂಗಿಯ ಕಣ್ಣಿಗೆ ಬೀಳಲಿ ಎಂದು ಬೋಳಾಗಿ ಬಿಟ್ಟದ್ದು. ನೀರಿಗೂ ಅದೇ ಲೆಕ್ಕ. ಬಯಲಿನ ಅಂಚಿನಲ್ಲಿ ದೊಡ್ಡ ಪೈಪು ಕವಲೊಡೆಯುತ್ತದೆ. ಮೊದಲು ಗುಡ್ಡದ ಟ್ಯಾಂಕು ತುಂಬಬೇಕು. ಕವಲಿನಲ್ಲಿರುವ ಗುಡ್ಡದ ವಾಲ್ವ್ ಮುಚ್ಚಿದ ಮೇಲೆ ಉಳಿದದ್ದು ಪೇಟೆಗೆ. ಆಳಿದವರು ಹೋಗಿ ಎರಡು ತಲೆಮಾರಾಯಿತು, ಪದ್ಧತಿ ಮಾತ್ರ ಕದಲಿಲ್ಲ.

ಆ ವಾಲ್ವ್ ತಿರುಗಿಸುವ ಚಾವಿ ಇರುವುದು ಗುಡ್ಡದ ನೀರುಗಂಟಿಯ ಕೈಯಲ್ಲಿ. ಆತ ಇವರ ಹೆಂಡತಿಯ ತಂಗಿಯ ಗಂಡ. ಹದಿನೆಂಟು ವರ್ಷದ ಹಿಂದೆ ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಆತನಿಗೆ ಒಂಬತ್ತು ವಾಲ್ವ್, ಇವರಿಗೆ ನಲವತ್ತೇಳು.

ಬರೆದುಕೊಳ್ಳುತ್ತಿರುವ ನನ್ನ ಕಡೆ ಇವರು ತಿರುಗುತ್ತಾರೆ. "ಅವನು ನೆರಳಲ್ಲೇ ನಡೀತಾನೆ ಸಾರ್. ಮಧ್ಯಾಹ್ನ ಆದ್ರೂ ಶರ್ಟಿನ ಇಸ್ತ್ರಿ ಮುರಿದಿರಲ್ಲ. ನೆಂಟರ ಮನೇಲಿ ಸಿಕ್ಕಾಗ ನಾನು ಮೊದಲು ಅವನ ಚಪ್ಪಲಿ ನೋಡ್ತೀನಿ. ನೀರುಗಂಟಿ ಚಪ್ಪಲಿ, ಒಂದು ದಿನಾನೂ ಒದ್ದೆ ಇರಲ್ಲ! ಹೊಟ್ಟೆ ಉರಿಯಲ್ವಾ? ಉರಿಯುತ್ತೆ. ಸುಳ್ಳು ಯಾಕೆ ಹೇಳ್ಲಿ?"

ಕಳೆದ ತಿಂಗಳು ಷಡ್ಡಕನ ಮಂಡಿ ಊದಿ, ಚಾವಿ ನಾಲ್ಕು ದಿನ ಇವರ ಕೈಗೆ ಬಂತು. ಮೊದಲ ದಿನವೇ, ಗುಡ್ಡದ ಟ್ಯಾಂಕು ತುಂಬುವ ಮುಂಚೆ, ಇವರು ಕವಲಿಗೆ ಹೋಗಿ, ಗುಡ್ಡದ ವಾಲ್ವ್ ಮುಚ್ಚಲೆಂದು ಬಲಕ್ಕೆ ಬಲವಾಗಿ ತಿರುಗಿಸಿದರು. ಪೇಟೆಯ ನಲವತ್ತೇಳೂ ಬಲಕ್ಕೇ ಮುಚ್ಚುತ್ತವೆ. ಓಡಿ ಬಂದು ಓಣಿಯಲ್ಲಿ ಕಿವಿಗೊಟ್ಟರೆ ಪೈಪು ಗಪ್‌ಚುಪ್. ಅತ್ತ ಟ್ಯಾಂಕು ಉಕ್ಕಿ, ನೇರ ರಸ್ತೆಯಲ್ಲಿ ಹೊಳೆ.

"ಎಡಕ್ಕೆ ಅಣ್ಣಾ, ಎಡಕ್ಕೆ!" ಹಾಸಿಗೆಯಿಂದಲೇ ಷಡ್ಡಕ ಫೋನಿನಲ್ಲಿ ಕೂಗಿದನಂತೆ. "ಬಂಗಲೆಯವರ ಗುಲಾಬಿ ಈಜ್ತಾ ಇದೆ!"

ಗುಡ್ಡದ ವಾಲ್ವ್ ಮುಚ್ಚುವುದು ಎಡಕ್ಕೆ. ಪೇಟೆಯವನು ಕದ್ದು ಮುಚ್ಚಲು ಹೋದರೆ ಅದು ಇನ್ನಷ್ಟು ತೆರೆದುಕೊಳ್ಳಲಿ ಎಂದೇ ಹಾಗೆ ಮಾಡಿಸಿದ್ದು ಎನ್ನುತ್ತಾರೆ ಹಳಬರು.

ಉಳಿದ ಮೂರು ದಿನ ಇವರು ಎಡಕ್ಕೆ ತಿರುಗಿಸಿದರು. ಬಿಸಿಲೇರುವ ಮುಂಚೆ ಓಣಿಯ ಕೊಡಗಳೆಲ್ಲ ತುಂಬಿದವು. "ಇವಳು ಏಳಕ್ಕೇ ಅಡುಗೆ ಮುಗಿಸಿ ಕೂತ್ಲು ಸಾರ್. ಮುಂದೇನು ಮಾಡ್ಬೇಕು ಅಂತಾನೇ ತಿಳೀಲಿಲ್ಲ." ಐದನೆಯ ದಿನ ಚಾವಿ ಗುಡ್ಡ ಹತ್ತಿತು.

ದಿನ ಬಿಟ್ಟು ದಿನ ಪೇಟೆಗೆ ಮೊದಲ ಸರದಿ ಕೊಡಿ ಎಂದು ಕಚೇರಿಗೆ ಅರ್ಜಿ ಬರೆದಿದ್ದಾರೆ. ಸೋಮವಾರ ತೀರ್ಮಾನ. "ಹಳೇ ಪದ್ಧತಿ ಕಣ್ರೀ, ನೋಡೋಣ," ಎಂದಿದ್ದಾರೆ ಸಾಹೇಬರು.

ಗುಡ್ಡದ ಕೆಲಸವೇ ನಿಮಗೆ ಸಿಕ್ಕರೆ, ಎಂದು ಕೇಳುತ್ತೇನೆ. ತಲೆಯಾಡಿಸುತ್ತಾರೆ.

"ಬೇಡ. ಗುಡ್ಡದ ಮೇಲಿರೋ ಇವಳ ತಂಗಿ ಒಂದು ದಿನ ಖಾಲಿ ಕೊಡ ಇಟ್ಕೊಂಡು ಕಾಯ್ಬೇಕು. ಒಂದೇ ದಿನ."

ಹೆಂಡತಿ ದುರುಗುಟ್ಟಿ ನೋಡುತ್ತಾರೆ. "ಆಮೇಲೆ?"

"ಆಮೇಲೆ ಏನು, ನಾನೇ ಹೊತ್ಕೊಂಡು ಹೋಗಿ ತುಂಬಿಸಿ ಬರ್ತೀನಿ," ಎಂದು ಸರಳನ್ನು ಮತ್ತೆ ಕಿವಿಗಿಡುತ್ತಾರೆ. "ಅವನ ಚಪ್ಪಲಿ ಮೇಲೆ ಒಂಚೂರು ಚೆಲ್ಲಿ ಬರ್ತೀನಿ."